ಶನಿವಾರದ ಹೊಟ್ಟೆನೋವು

ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾನು ಒಂದೇ ಮುಂಜಾನೆಯಲ್ಲಿ ಕನ್ನಡ ಮಾಸ್ತರನಾದೆ. ಅದಕ್ಕಾಗಿ ಯಾವ ಪರೀಕ್ಷೆಯನ್ನೂ ಕಟ್ಟಲಿಲ್ಲ, ಅರ್ಜಿಯನ್ನೂ ಬರೆಯಲಿಲ್ಲ. ಔರಾದಿನ ಮಿಡಲ್ ಸಾಲಿಯಲ್ಲಿ ಇದ್ದವರೇ ಐದು ಜನ ಮಾಸ್ತರರು. ಹೆಡ್‌ಮಾಸ್ತರ್ ಸಾಹೇಬರು ನಮ್ಮನ್ನು ವರಾಂಡದಲ್ಲಿ ಸಾಲಾಗಿ ನಿಲ್ಲಿಸಿ, ಹೊಸ ಸರ್ಕಾರದಿಂದ ಬಂದ ಕಾಗದದಿಂದಲೇ ಗಾಳಿ ಹಾಕಿಕೊಳ್ಳುತ್ತ, "ಮನ್ಯಾಗ ಯಾವ ಮಾತು ಆಡ್ತೀರಿ?" ಎಂದು ಒಬ್ಬೊಬ್ಬರನ್ನೇ ಕೇಳಿದರು. ಒಬ್ಬರು ಉರ್ದು ಅಂದರು. ಇಬ್ಬರು ಮರಾಠಿ ಅಂದರು. ಒಬ್ಬರು ತೆಲುಗು ಅಂದರು. ನಾನು "ಕನ್ನಡರಿ" ಅಂದೆ. "ಬಸ್, ಆತಲ್ಲ! ನಾಳಿಂದ ಆರನೇ ಕ್ಲಾಸಿಗಿ ನೀವೇ ಕನ್ನಡ ಮಾಸ್ತರ" ಅಂದರು. ಕಾಗದವನ್ನು ಮಡಚಿ ಕರಿ ಶೇರ್ವಾನಿಯ ಜೇಬಿಗೆ ಸೇರಿಸಿ ಒಳಗೆ ಹೋದರು.

ಅಲ್ಲಿಯ ತನಕ ನಾನು ಹೇಳಿಕೊಡುತ್ತಿದ್ದದ್ದು ಲೆಕ್ಕ, ಅದೂ ಉರ್ದುವಿನಲ್ಲಿ. ಹುಟ್ಟಿದ್ದು ಭಾಲ್ಕಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಬೀದರಿನ ಸಾಲಿಯಲ್ಲಿ ಒಂದರಿಂದ ಕೊನೆಯ ತನಕ ಉರ್ದು. ಕನ್ನಡದಲ್ಲಿ ನಾನು ಜಗಳ ಆಡಬಲ್ಲೆ, ಚೌಕಾಶಿ ಮಾಡಬಲ್ಲೆ, ಅಳುವ ಕೂಸನ್ನು ರಮಿಸಬಲ್ಲೆ. ಓದು ಮಾತ್ರ ಕೇಳಬೇಡಿ. ಆಗಷ್ಟೇ ಬಸ್ಸುಗಳಿಗೆ ಕನ್ನಡದ ಬೋರ್ಡು ಬಂದಿದ್ದವು. ನಾನು ಊರಿನ ಹೆಸರನ್ನು ಕೂಡಿಸಿ ಮುಗಿಸುವಷ್ಟರಲ್ಲಿ ಬಸ್ಸು ಆ ಊರಿಗೆ ಹೋಗಿಬಿಟ್ಟಿರುತ್ತಿತ್ತು. ಈ ಸಂಗತಿಯನ್ನು ವರಾಂಡದಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಇಪ್ಪತ್ತೆಂಟು ವರ್ಷದ ಜಂಭ ಬಾಯಿ ಬಿಡಲು ಬಿಡಲಿಲ್ಲ.

ಬದಲಿಗೆ ಭಾನುವಾರಗಳಂದು ಭಾಲ್ಕಿಗೆ ಹೋಗಿ ಅವ್ವನ ಮುಂದೆ ಕೂತೆ. ಅವ್ವ ಸಾಲಿಯ ಮುಖ ನೋಡಿದವಳಲ್ಲ, ಆದರೆ ಶರಣರ ವಚನ ಓದಲೆಂದು ಅವಳ ಅಪ್ಪ ಚಿಕ್ಕಂದಿನಲ್ಲೇ ಅಕ್ಷರ ಕಲಿಸಿದ್ದ. ಅವಳು ದೊಡ್ಡ ಪರಾತದಲ್ಲಿ ಜೋಳ ಹರಡಿ, ನನ್ನ ಬೆರಳು ಹಿಡಿದು, ಜೋಳದೊಳಗೆ ಅಕ್ಷರ ತೀಡಿಸಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಪಕ್ಕದ ಮನೆಯವರಿಗೆ ಕೇಳುವ ಹಾಗೆ, "ಎರಡು ಮಕ್ಕಳ ತಂದಿ ಆದಿ, ಇನ್ನಾ ಅ ಆ ಕಲೀಲಾಕ ಹತ್ತೀದಿ. ನಿನ್ನ ಮಕ್ಕಳನ್ನೂ ಕರ್ಕೊಂಡ ಬಾ, ಮೂವರೂ ಕೂಡೇ ಕಲೀರಿ" ಅನ್ನುವಳು. ಪಕ್ಕದ ಮನೆಯ ಸೊಸೆ ನಕ್ಕದ್ದು ಗೋಡೆಯ ಈಚೆಗೂ ಕೇಳುತ್ತಿತ್ತು.

ಹೀಗೆ ಕಲಿತ ವಿದ್ಯೆಯನ್ನು ಹೊತ್ತುಕೊಂಡು ನಾನು ಪ್ರತಿದಿನ ಗಂಟೆ ಬಾರಿಸುವುದಕ್ಕೆ ಒಂದು ತಾಸು ಮೊದಲೇ ಸಾಲಿಗೆ ಬರುತ್ತಿದ್ದೆ. ಖಾಲಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆವತ್ತಿನ ಪಾಠವನ್ನು ಗಟ್ಟಿಯಾಗಿ ಮೂರು ಸಲ ಓದುತ್ತಿದ್ದೆ. ಮೊದಲ ಸಲ ಎಡವುತ್ತ, ಎರಡನೆಯ ಸಲ ಕುಂಟುತ್ತ, ಮೂರನೆಯ ಸಲ ತಕ್ಕಮಟ್ಟಿಗೆ ನಡೆಯುತ್ತ. ಆಮೇಲೆ ಮಕ್ಕಳ ಮುಂದೆ ನಿಂತು ಹುಟ್ಟಿದಾಗಿನಿಂದ ಓದಿಕೊಂಡೇ ಬಂದವನ ಹಾಗೆ ಪುಸ್ತಕವನ್ನು ಒಂದೇ ಕೈಯಲ್ಲಿ ಹಿಡಿಯುವೆ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ಬಾಗಿಲು ಹಾಕುತ್ತಿದ್ದೆ ನಿಜ, ಆದರೆ ಬೇವಿನ ಮರದ ಕಡೆಗಿದ್ದ ಕಿಟಕಿಗೆ ಬಾಗಿಲೇ ಇರಲಿಲ್ಲ.

ತರಗತಿಯಲ್ಲಿ ಮೂವತ್ತು ಮಕ್ಕಳು, ಪುಸ್ತಕ ಒಂಬತ್ತು. ಮೂರು ನಾಲ್ಕು ಜನಕ್ಕೆ ಒಂದೊಂದು. ಅರ್ಧ ಮಕ್ಕಳು ಉರ್ದು ಸಾಲಿಯಿಂದ ಬಂದವರು, ಪುಸ್ತಕವನ್ನು ಹಿಂದಿನಿಂದ ತೆರೆಯುತ್ತಿದ್ದರು. ಇನ್ನರ್ಧ ಮರಾಠಿ ಸಾಲಿಯವರು, ಅಕ್ಷರದ ತಲೆಯ ಮೇಲೆ ಗೆರೆ ಎಳೆಯದೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಓದಿಸಿದರೆ ಎಲ್ಲರೂ ಎತ್ತಿನ ಗಾಡಿ ಏರು ಹತ್ತಿದ ಹಾಗೆ ಓದುವರು.

ಒಬ್ಬಳನ್ನು ಬಿಟ್ಟು. ಹನ್ನೆರಡು ವರ್ಷದ ಆ ಹುಡುಗಿ ಎಕಂಬಾದವಳು. ಔರಾದಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಎರಡು ಬಿಗಿ ಜಡೆ, ಮೊಣಕೈಗೆ ತೇಪೆ ಹಾಕಿದ ಕುಪ್ಪಸ. ಎದ್ದು ನಿಂತು ಪುಸ್ತಕ ಹಿಡಿದಳೆಂದರೆ ಗಾಳಿಯಲ್ಲಿ ತೇಲಿದ ಹಾಗೆ ಓದುವಳು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಹಾಳೆ ತಿರುವಬೇಕೋ ಅಲ್ಲಿ ತಿರುವಿ. ನಾನು ಉಬ್ಬಿಹೋದೆ. ಚಹಾದ ಹೊತ್ತಿನಲ್ಲಿ ಉಳಿದ ಮಾಸ್ತರರ ಮುಂದೆ, "ಹ್ಯಾಂಗ ಕಲಿಸಿದ್ರ ಹ್ಯಾಂಗ ಕಲೀತಾವ ನೋಡ್ರಿ" ಅಂತ ಕೊಚ್ಚಿಕೊಂಡೆ. ಮರಾಠಿ ಮಾಸ್ತರರು ಬಶಿಯಲ್ಲಿದ್ದ ಚಹಾ ಊದುತ್ತಲೇ ಇದ್ದರು.

ಆದರೆ ಆ ಹುಡುಗಿಗೆ ಒಂದು ವಿಚಿತ್ರ ಕಾಯಿಲೆ ಇತ್ತು. ಶನಿವಾರ ಬಂದರೆ ಹೊಟ್ಟೆನೋವು. ಶನಿವಾರ ನಮ್ಮಲ್ಲಿ ಉಕ್ತಲೇಖನ, ನಾನು ಹೇಳುವುದು, ಮಕ್ಕಳು ಪಾಟಿಯ ಮೇಲೆ ಬರೆಯುವುದು. ನಾನು ಮೊದಲ ವಾಕ್ಯ ಹೇಳುವ ಮುನ್ನವೇ ಅವಳು ಹೊಟ್ಟೆ ಹಿಡಿದು ಮುದುಡುವಳು. ಎರಡು ಸಲ ವಾಂತಿಯನ್ನೂ ಮಾಡಿದಳು. ಅತ್ತೆ ದರ್ಗಾದಿಂದ ತಾಯಿತ ತಂದು ಕಟ್ಟಿದಳು, ಮಠದಿಂದ ವಿಭೂತಿ ತಂದು ಹಚ್ಚಿದಳು, ಅಜಿವಾನ ಜಗಿಸಿದಳು. ಯಾವುದೂ ನಾಟದೆ ಒಂದು ದಿನ ಸೆರಗು ಸಿಕ್ಕಿಸಿಕೊಂಡು ಸಾಲಿಗೇ ಬಂದು, "ಶನಿವಾರ ಅದೇನ್ ತಿನ್ನಸ್ತೀರಿ ಮಾಸ್ತರ ನಮ್ಮ ಪೋರಿಗಿ? ಉಳಿದ ಆರು ದಿನ ಕಲ್ಲು ತಿಂದ್ರೂ ಕರಗಿಸ್ತಾಳ್ರಿ!" ಎಂದು ಜಬರಿಸಿ ಹೋದಳು.

ಇದನ್ನೆಲ್ಲ ನೋಡಿ ನನಗೆ ಬುದ್ಧಿ ಬರಬೇಕಿತ್ತು. ನನಗೆ ಬಂದದ್ದು ತಮಾಷೆ. ಮುಂದಿನ ಶನಿವಾರ ಅವಳು ಹೊಟ್ಟೆ ಹಿಡಿದಾಗ, "ನಿನ್ನ ಹೊಟ್ಟಿಗಿ ವಾರ ಯಾರು ಹೇಳ್ತಾರವ್ವ? ನನಗೂ ಒಮ್ಮೊಮ್ಮಿ ಮರೀತದ, ಇನ್ನ ಮ್ಯಾಲ ನಿನ್ನ ಹೊಟ್ಟಿ ಕೇಳೇ ತಾರೀಖು ಬರೀತೇನಿ" ಅಂದೆ. ಮೂವತ್ತು ಮಕ್ಕಳೂ ಬಿದ್ದು ಬಿದ್ದು ನಕ್ಕವು. ಹೊಟ್ಟೆ ಹಿಡಿದುಕೊಂಡೇ ಅವಳೂ ನಕ್ಕಳು. ಅವಳೂ ನಕ್ಕಳಲ್ಲ, ಇನ್ನೇನು ಅಂದುಕೊಂಡೆ. ಇವತ್ತಿಗೂ ಆ ನಗು ನೆನಪಾದರೆ ನನಗೆ ನಾಚಿಕೆಯಾಗುತ್ತದೆ.

ಗುಟ್ಟು ಬಯಲಾದದ್ದು ಒಬ್ಬ ಕುಂಬಾರನಿಂದ. ಪುಸ್ತಕದಲ್ಲಿ ಕುಂಬಾರನ ಕಥೆಯೊಂದಿತ್ತು. ಆಗ ಮೈಸೂರಿನ ಕಡೆಯಿಂದ ಬರುತ್ತಿದ್ದ ಪುಸ್ತಕಗಳಲ್ಲಿ ಕೆಲವು ಹಾಳೆಗಳು ಮೇಲ್ತುದಿಯಲ್ಲಿ ಕತ್ತರಿಸದೆ ಅಂಟಿಕೊಂಡೇ ಇರುತ್ತಿದ್ದವು. ನಾವೇ ಚಾಕುವಿನಿಂದ ಬಿಡಿಸಿಕೊಳ್ಳಬೇಕು. ನನ್ನ ಪುಸ್ತಕದಲ್ಲಿ ಕುಂಬಾರ ಹೊಳೆ ದಾಟುವ ಕಡೆ ಹಾಳೆ ಅಂಟಿತ್ತು. ನನ್ನ ಗಮನವೆಲ್ಲ ಅಕ್ಷರದ ಮೇಲೆ, ಅರ್ಥದ ಗೊಡವೆಗೆ ನಾನು ಹೋಗುತ್ತಲೇ ಇರಲಿಲ್ಲ. ಹೀಗಾಗಿ ಮುಂಜಾನೆ ಮೂರು ಸಲ, ತರಗತಿಯಲ್ಲಿ ಒಂದು ಸಲ ಸರಾಗವಾಗಿ ಓದಿದೆ, "ಕುಂಬಾರನು ಹೊಳೆಯ ನಡುವೆ ಕತ್ತೆಯ ಬಾಲವನ್ನು ಹಿಡಿದುಕೊಂಡು ಎಂದು ರಾಜನ ಮಗಳು ನಕ್ಕಳು." ಮಧ್ಯೆ ಎರಡು ಪುಟ ಹಾರಿದ್ದವು. ಮಕ್ಕಳು ಒಬ್ಬರೂ ಕೇಳಲಿಲ್ಲ. ಪುಸ್ತಕದ ಕನ್ನಡ ಅಂದರೆ ಹೀಗೇ ಇರುತ್ತದೆ ಅಂತ ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ.

ಆಮೇಲೆ ಅವಳನ್ನು ಎಬ್ಬಿಸಿ ಓದಿಸಿದೆ. ಅವಳು ಎಂದಿನಂತೆ ತೇಲುತ್ತ ಬಂದು, ಹೊಳೆಯ ನಡುವೆ ಒಂದು ಸಲ ಕೆಮ್ಮಿ, ಕತ್ತೆಯ ಬಾಲ ಹಿಡಿದು, ನೇರವಾಗಿ ರಾಜನ ಮಗಳನ್ನು ನಗಿಸಿಬಿಟ್ಟಳು. ಅದೇ ಪುಸ್ತಕದಲ್ಲಿ ಪಾಲುದಾರಳಾಗಿದ್ದ ಪಕ್ಕದ ಹುಡುಗಿ, "ಮಾಸ್ತರ, ಇಲ್ಲಿ ಹಾಂಗಿಲ್ರಿ. ಆಕಿ ಹಾಳಿ ಹಾರಿಸ್ಯಾಳ್ರಿ" ಅಂದಳು. ಹೋಗಿ ನೋಡಿದೆ. ಅವರ ಪುಸ್ತಕದಲ್ಲಿ ಹಾಳೆ ಸರಿಯಾಗಿ ಬಿಡಿಸಿತ್ತು. ಕುಂಬಾರ ಹೊಳೆ ದಾಟಿ, ಮಳೆಯಲ್ಲಿ ತೋಯ್ದು, ಅರಮನೆ ಸೇರುವುದೆಲ್ಲ ಅಲ್ಲಿತ್ತು. ರಾಜನ ಮಗಳು ನಗುವುದಕ್ಕೆ ಇನ್ನೂ ಎರಡು ಪುಟ ಇತ್ತು. ಆಗ ಆ ಕೆಮ್ಮು ನೆನಪಾಯಿತು. ಓದುವಾಗ ಅದೇ ಜಾಗದಲ್ಲಿ ನಾನು ಕೆಮ್ಮಿದ್ದೆ.

ಈ ಪೋರಿ ನನ್ನನ್ನು ಅಣಕಿಸುತ್ತಿದ್ದಾಳೆ ಅನ್ನಿಸಿತು. ಸಿಟ್ಟು ನೆತ್ತಿಗೇರಿತು. "ಇಲ್ಲಿಂದ ಓದು" ಎಂದು ಬಿಟ್ಟುಹೋದ ಪುಟದ ಮೇಲೆ ಬೆರಳಿಟ್ಟೆ. ಅವಳು ಪುಟ ನೋಡಿದಳು, ನನ್ನ ಮುಖ ನೋಡಿದಳು. ಕೈ ಮೆಲ್ಲಗೆ ಹೊಟ್ಟೆಯ ಮೇಲೆ ಹೋಯಿತು. ಆವತ್ತು ಶನಿವಾರ ಆಗಿರಲಿಲ್ಲ. "ಹೊರಗ ನಡಿ" ಅಂದೆ. ಹೋಗಿ ಬೇವಿನ ಮರದ ಕೆಳಗೆ ನಿಂತಳು.

ಹೆಡ್‌ಮಾಸ್ತರ್ ಸಾಹೇಬರು ಅವಳನ್ನು ನೋಡಿ ನನ್ನನ್ನು ಹೊರಗೆ ಕರೆದರು. ನಾನು ದೂರು ಒದರಿದೆ. ಅವರು ನನ್ನ ಕೈಯಿಂದ ಪುಸ್ತಕ ಇಸಕೊಂಡು ಮರದ ಕಟ್ಟೆಯ ಮೇಲೆ ಅವಳ ಪಕ್ಕ ಕೂತರು. ಕನ್ನಡದ ಹಾಜರಿ ಪುಸ್ತಕದಲ್ಲಿ ಉರ್ದುವಿನಲ್ಲಿ ಸಹಿ ಹಾಕುತ್ತಿದ್ದ ಮನುಷ್ಯ. ಪುಟವನ್ನು ಉದ್ದಕ್ಕೂ ಅಡ್ಡಕ್ಕೂ ತಿರುಗಿಸಿ ನೋಡಿ, "ನನಗಂತೂ ಇದು ಖಾರಾ ಸೇವು ಚೆಲ್ಲಿದಾಂಗ ಕಾಣ್ತದ ಬೇಟಿ. ನಿನಗ ಹ್ಯಾಂಗ ಕಾಣ್ತದ?" ಅಂದರು.

ಅವಳು ಪುಟದ ಮೇಲೆ ಬೆರಳಿಟ್ಟಳು. ಆಮೇಲೆ, "ಅಕ್ಷರ ನಿಲ್ಲಲ್ರಿ" ಅಂದಳು.

"ಎಲ್ಲಿ ನಿಲ್ಲಲ್ಲ?"

"ನಿಂತ ಜಾಗಾದಾಗ ನಿಲ್ಲಲ್ರಿ. ಒಂದು ನೋಡಿದ್ರ ಬಾಜೂಂದು ಸರೀತದ್ರಿ."

"ಮರಾಠಿ ಅಕ್ಷರ?"

"ಅವೂ ಹಾಂಗೇರಿ."

"ನಮ್ಮ ಉರ್ದೂದು?"

"ಅವಂತೂ ಓಡೇ ಹೋಗ್ತಾವ್ರಿ ಸಾಬ್."

ಸಾಹೇಬರಿಗೆ ನಗು ಬಂತು. ನನಗೆ ಬರಲಿಲ್ಲ. ಮಾಸ್ತರರೆಲ್ಲ ಚಹಾಕ್ಕೆ ಕೂತಾಗ ಲೆಕ್ಕ ಹಾಕಿದೆವು. ಅವಳು ಎಕಂಬಾದಲ್ಲಿ ಮರಾಠಿ ಸಾಲಿಗೆ ಹೋಗಿದ್ದಳು. ಅಲ್ಲಿಯವರು ಮನೆಮಾತು ಕನ್ನಡ, ಹೇಗೆ ಓದಿಯಾಳು ಎಂದು ಮುಂದೆ ತಳ್ಳಿದ್ದರು. ಐದನೆಯದಕ್ಕೆ ಔರಾದಿನ ಉರ್ದು ಮಾಸ್ತರರ ಕೈಗೆ ಬಂದಳು. ಮರಾಠಿ ಸಾಲಿಯಿಂದ ಬಂದವಳಲ್ಲ, ಪಾಪ, ಎಂದು ಅವರು ಮುಂದೆ ತಳ್ಳಿದ್ದರು. ಓದು ಬರದ ಮಗುವನ್ನು ಅಡಗಿಸಿಡಲು ಇಷ್ಟು ಭಾಷೆ ಇರುವ ಊರು ಬೇರೆಲ್ಲಿ ಸಿಗಬೇಕು? ಒಬ್ಬೊಬ್ಬರೂ ಹಿಂದಿನ ಭಾಷೆಯ ಮೇಲೆ ಹಾಕಿ ಕೈ ತೊಳೆದುಕೊಂಡಿದ್ದರು. ನಾನು ಅವರಿಗಿಂತ ಜಾಣ, ತರಗತಿಯಲ್ಲೇ ಚೆನ್ನಾಗಿ ಓದುವವಳು ಎಂದು ಊರಿಗೆಲ್ಲ ಡಂಗುರ ಹೊಡೆದಿದ್ದೆ.

ಮರುದಿನ ಹುಡುಗಿಯ ಅತ್ತೆಯ ಮನೆಗೆ ಹೋದೆ. ಅಲ್ಲಿ ತಿಳಿದ ಸಂಗತಿ ಎದೆಗೆ ನಾಟಿತು. ಎಕಂಬಾದಲ್ಲಿ ಅವಳ ಅಪ್ಪ ಮಾತು ಕೊಟ್ಟಿದ್ದು ಒಂದೇ, ವರ್ಷಾ ವರ್ಷಾ ಪಾಸಾಗುವ ತನಕ ಸಾಲಿ. ಒಂದು ವರ್ಷ ನಪಾಸಾಗಿ ಕೂತರೆ ವಾಪಸು ಹೊಲಕ್ಕೆ, ಅಲ್ಲಿಂದ ಮದುವೆಗೆ. ವರನ ಮನೆಯವರು ಆಗಲೇ ಒಂದು ಸಲ ಬಂದು ಅವಲಕ್ಕಿ ತಿಂದು ಹೋಗಿದ್ದರು. ಅತ್ತೆ, "ಆಕಿಗಿ ಸಾಲಿ ಅಂದ್ರ ಜೀವರಿ ಮಾಸ್ತರ. ಮುಂಜಾನಿ ರೊಟ್ಟಿ ತಿನ್ನಲಾರದೇ ಓಡ್ತಾಳ" ಅಂದಳು. ಅಷ್ಟು ಬೇಗ ಎಲ್ಲಿಗೆ ಓಡುತ್ತಾಳೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಸಾಹೇಬರು ಹೇಳಿದರು, "ನಮ್ಮ ಕಾಲದಾಗ ಕಿವೀನೇ ಕಿತಾಬು ಇತ್ತು. ಈ ಪೋರಿ ಕಿವಿ ಒಳ್ಳೇದದ. ಅದಕ್ಕ ಕಲಸ್ರಿ. ಕಣ್ಣು ನಿಧಾನಕ್ಕ ಬರ್ಲಿ." ಹಾಗೆಯೇ ಮಾಡಿದೆವು. ಇತಿಹಾಸ, ಭೂಗೋಳ, ಲೆಕ್ಕ ಎಲ್ಲವನ್ನೂ ಅವಳು ಬಾಯಿಯಿಂದ ಹೇಳುವುದು, ಮಾಸ್ತರರು ಕೇಳಿ ಮಾರ್ಕು ಹಾಕುವುದು. ಓದಿಗೆ ಅವ್ವನ ದಾರಿ ಹಿಡಿದೆ. ಭಾಲ್ಕಿಯಿಂದ ಆ ಪರಾತವನ್ನೇ ಹೊತ್ತು ತಂದೆ. "ನಿನ್ನ ಓದು ಮುಗೀತೇನೋ, ಭಾಂಡೆ ತಗೊಂಡು ಹೊಂಟೀದಿ?" ಎಂದು ಅವ್ವ ಕೇಳಿದಳು. ಜೋಳದಲ್ಲಿ ಅಂಗೈ ಅಗಲದ ಅಕ್ಷರ, ವಾರಕ್ಕೆ ಒಂದು ಅಥವಾ ಎರಡು. ಬೆರಳು ಹೂತು ಬರೆದರೆ ಅಕ್ಷರ ಓಡುವುದಿಲ್ಲ ಎಂದು ಅವಳೇ ಕಂಡುಕೊಂಡಳು. ಅವಳು ತೀಡುವಾಗ ಎದುರು ಕೂತು ನಾನೂ ತೀಡುತ್ತಿದ್ದೆ. ಅವಳಿಗೆ ತೋರಿಸಿಕೊಡಲು ಅಂತ ಹೇಳುತ್ತಿದ್ದೆ.

ಶನಿವಾರದ್ದು ಉಳಿದಿತ್ತು. ಉಕ್ತಲೇಖನದ ಹೊತ್ತಿಗೆ ಅವಳನ್ನು ಕರೆದು ನನ್ನ ಜಾಗದಲ್ಲಿ ನಿಲ್ಲಿಸಿದೆ. "ಇನ್ನ ಮ್ಯಾಲ ನೀ ಹೇಳು, ಅವರು ಬರೀಲಿ" ಅಂದೆ. ಪಾಠ ಅವಳಿಗೆ ಬಾಯಿಪಾಠ. ಒಂದೊಂದೇ ವಾಕ್ಯವನ್ನು ಬಿಡಿಸಿ ಬಿಡಿಸಿ ಹೇಳಿದಳು. ಹೊಟ್ಟೆನೋವು ಎರಡು ವಾರದಲ್ಲಿ ಹೋಯಿತು. ದರ್ಗಾದ ತಾಯಿತ ಕಡೆಗೂ ಕೆಲಸ ಮಾಡಿತು ಎಂದು ಅತ್ತೆ ಸಕ್ಕರೆ ಹಂಚಿದಳು. ಹೊಟ್ಟೆನೋವು ಹೋದದ್ದು ಎಲ್ಲಿಗೂ ಅಲ್ಲ, ಮೂರನೆಯ ಸಾಲಿನಲ್ಲಿ ಕೂಡುವ ಗಂಡುಹುಡುಗರಿಗೆ ಬಂತು, ಯಾಕೆಂದರೆ ಅವಳು ನನ್ನ ಹಾಗೆ ಸುಲಭದ ವಾಕ್ಯ ಆರಿಸುತ್ತಿರಲಿಲ್ಲ.

ವರ್ಷದ ಕೊನೆಗೆ ತಪಾಸಣೆಯ ಸುದ್ದಿ ಬಂತು. ದಕ್ಷಿಣದ ಕಡೆಯ ಇನ್ಸ್‌ಪೆಕ್ಟರ್ ಸಾಹೇಬರೊಬ್ಬರು ಬಂದು ಆರನೆಯ ತರಗತಿಯ ಒಂದೊಂದು ಮಗುವನ್ನೂ ಓದಿಸಿ ನೋಡುವರು, ಓದಿದವರು ಏಳಕ್ಕೆ, ಓದದವರು ಅಲ್ಲೇ. ಜೊತೆಗೆ ಕನ್ನಡ ಕಲಿಸುವ ಮಾಸ್ತರರಿಗೆ ಕನ್ನಡ ಬರುತ್ತದೆಯೋ ಎಂಬುದನ್ನೂ ಬರೆದುಕೊಂಡು ಹೋಗುವರು. ಆ ಸುದ್ದಿ ಕೇಳಿದ ಹೊತ್ತಿನಿಂದ ನನ್ನ ಹೊಟ್ಟೆಯಲ್ಲಿ ಏನೋ ಹಿಂಡತೊಡಗಿತು. ಅಜಿವಾನ ಜಗಿದೆ. ಹೆಡ್‌ಮಾಸ್ತರ್ ಸಾಹೇಬರು ನೋಡಿ, "ಶನಿವಾರ ಇನ್ನಾ ದೂರ ಅದಲ್ರಿ ಮಾಸ್ತರ" ಅಂದರು.

ಹುಡುಗಿಗೆ ಅಷ್ಟು ಹೊತ್ತಿಗೆ ಇಪ್ಪತ್ತೆರಡೇ ಅಕ್ಷರ ಬರುತ್ತಿದ್ದವು, ಅದೂ ಜೋಳದಲ್ಲಿ. ಆವತ್ತು ಬರಬೇಡ ಅನ್ನುವ ಹಾಗಿರಲಿಲ್ಲ. ಸಾಲಿಗೆ ಬಾರದವರೂ ಆರರಲ್ಲೇ ಉಳಿಯುವವರೇ. ನಾನು ಒಂದು ಹಂಚಿಕೆ ಹಾಕಿದೆ. ಪುಸ್ತಕದ ಎಲ್ಲ ಪಾಠವೂ ಅವಳಿಗೆ ಬಾಯಿಪಾಠ, ಎಲ್ಲಿ ತೆರೆದು ಕೊಟ್ಟರೂ ನಾನು ಮೊದಲ ಪದ ಹೇಳಿಬಿಟ್ಟರೆ ಸಾಕು. ಮೋಸವೇ. ಆದರೆ ಎಕಂಬಾದಲ್ಲಿ ಅವಲಕ್ಕಿ ತಿಂದು ಹೋದವರು ನನಗೆ ನೆನಪಿದ್ದರು.

ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಮೆತ್ತನೆಯ ಮಾತು, ಜರಿಯಂಚಿನ ಪಂಚೆ, ಮೇಲೆ ಕೋಟು. ಮೊದಲ ಐದಾರು ಮಕ್ಕಳು ಏರು ಹತ್ತಿ ಇಳಿದವು. ಅವರು ತಲೆಯಾಡಿಸಿ ಗುರುತು ಹಾಕಿಕೊಂಡರು. ಅವಳ ಸರದಿ ಬಂತು. ಅಷ್ಟು ಹೊತ್ತಿಗೆ ನಮ್ಮ ಪುಸ್ತಕ ಕೇಳಿ ಕೇಳಿ ಅವರಿಗೆ ಬೇಸರ ಬಂದಿತ್ತೋ ಏನೋ, ಅದನ್ನು ಮುಚ್ಚಿಟ್ಟು ತಮ್ಮ ಚೀಲದಿಂದ ಒಂದು ಹಳೆಯ ಮಾಸಪತ್ರಿಕೆ ತೆಗೆದರು. "ಇದನ್ನ ಓದಮ್ಮ, ಚೆನ್ನಾಗಿದೆ, ಜೇನು ಸಾಕೋದರ ಬಗ್ಗೆ" ಅಂದರು.

ಅವಳು ಪತ್ರಿಕೆ ಹಿಡಿದಳು. ನನ್ನ ಕಡೆ ನೋಡಿದಳು. ಒಂದು ಕೈ ಹೊಟ್ಟೆಯ ಮೇಲೆ ಹೋಯಿತು.

"ಉರ್ದು ಸಾಲಿಯಿಂದ ಬಂದವಳ್ರಿ" ಅನ್ನುವ ಮಾತು ನನ್ನ ನಾಲಗೆಯ ತುದಿಗೇ ಬಂದಿತ್ತು. ಅದನ್ನು ಅಂದಿದ್ದರೆ ಅವರು ಪಾಪ ಅಂದು, ಮೆತ್ತಗೆ ಗೀಟು ಎಳೆದು, ಅವಳನ್ನು ಮೆತ್ತಗೆ ಎಕಂಬಾಕ್ಕೆ ಕಳಿಸುತ್ತಿದ್ದರು. ನನಗೇನೂ ಆಗುತ್ತಿರಲಿಲ್ಲ. ಅದು ಹೊರಬರುವ ಮುನ್ನ ಬೇರೆ ಮಾತು ಬಂತು. "ಸಾಹೇಬರ, ಈ ಹುಡುಗಿಗಿ ಓದಾಕ ಬರಲ್ರಿ. ಅಕ್ಷರ ಆಕಿ ಕಣ್ಣಿಗಿ ನಿಲ್ಲಲ್ರಿ. ಆದ್ರ ಯಾರರ ಒಮ್ಮಿ ಓದಿದ್ರ ಪೂರಾ ತಿಳ್ಕೊಂಡು ಹೇಳ್ತಾಳ್ರಿ. ಏಳನೇ ಕ್ಲಾಸಿನ ಪಾಠ ತಿಳ್ಕೊಳ್ಳೋ ಶಕ್ತಿ ಈ ಕ್ಲಾಸಿನಾಗ ಯಾರಿಗರ ಇದ್ರ ಇಕಿಗೇ ಅದರಿ."

ಇನ್ಸ್‌ಪೆಕ್ಟರರು ಕನ್ನಡಕ ಸರಿಮಾಡಿಕೊಂಡರು. "ಹೌದಾ? ಹಾಗಾದ್ರೆ ನೀವೇ ಓದಿ ಮೇಷ್ಟ್ರೇ, ಕೇಳೋಣ" ಎಂದು ಪತ್ರಿಕೆಯನ್ನು ನನಗೆ ಚಾಚಿದರು.

ಅದನ್ನು ನಾನು ಯೋಚಿಸಿರಲಿಲ್ಲ. ಮುಂಜಾನೆಯ ಮೂರು ಸಲ ಇಲ್ಲ, ಬಾಗಿಲು ಹಾಕಿದ ಕೋಣೆ ಇಲ್ಲ. ಸಣ್ಣಕ್ಷರ, ಉದ್ದನೆಯ ಪುಟ, ಎದುರಿಗೆ ಪೆನ್ಸಿಲ್ ಹಿಡಿದ ಅಧಿಕಾರಿ, ಹಿಂದೆ ಮೂವತ್ತು ಮಕ್ಕಳು. ಓದಿದೆ. ಒಂದು ಪದವನ್ನು ಎರಡು ಸಲ ಅಂದೆ. ಒಂದು ಸಾಲು ಬಿಟ್ಟು, ಮುಂದೆ ಹೋಗಿ, ತಿರುಗಿ ಬಂದು ಅದನ್ನು ಹೆಕ್ಕಿಕೊಂಡೆ. ಹೂವಿನಿಂದ ಹೂವಿಗೆ ಹಾರುವ ಹುಳವನ್ನು ಯಾವುದೋ ಬೇರೆ ಪ್ರಾಣಿ ಮಾಡಿ, ಮತ್ತೆ ಹುಳ ಮಾಡಿದೆ. ಕೆಮ್ಮಿದೆ, ಒಂದಲ್ಲ, ನಾಲ್ಕು ಸಲ. ಪೆನ್ಸಿಲ್ ಬರೆಯುತ್ತಲೇ ಇತ್ತು. ಕೊನೆಯ ಸಾಲು ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

"ಈಗ ನೀನು ಹೇಳಮ್ಮ" ಅಂದರು.

ಅವಳು ಹೊಟ್ಟೆಯಿಂದ ಕೈ ತೆಗೆದಳು. ಕುಂಬಾರನ ಕಥೆಯಲ್ಲಿ ನನ್ನ ಕೆಮ್ಮನ್ನೂ ಬಿಡದೆ ಒಪ್ಪಿಸಿದವಳು ಈ ಸಲವೂ ಹಾಗೇ ಒಪ್ಪಿಸುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅವಳು ಶುರುಮಾಡಿದಳು. ಎರಡು ಸಲ ಬಂದ ಪದ ಒಂದೇ ಸಲ ಬಂತು. ನಾನು ತಡವಾಗಿ ಹೆಕ್ಕಿದ ಸಾಲು ತನ್ನ ಜಾಗಕ್ಕೆ ಹೋಗಿ ಕೂತಿತು. ಹುಳ ಮೊದಲಿನಿಂದಲೂ ಹುಳವೇ ಆಗಿತ್ತು. ಕೆಮ್ಮು ಒಂದೂ ಇರಲಿಲ್ಲ. ಅವ್ವ ಜೋಳ ಹಸನು ಮಾಡುವ ಹಾಗೆ ನನ್ನ ಓದಿನೊಳಗಿನ ಹರಳನ್ನೆಲ್ಲ ಆರಿಸಿ ಆಚೆಗಿಟ್ಟಿದ್ದಳು. ಅದು ಎಂಥ ಚೆಂದದ ಬರಹ ಅಂತ ನನಗೆ ತಿಳಿದದ್ದೇ ಆಗ.

ಇನ್ಸ್‌ಪೆಕ್ಟರರು ಏನೇನೋ ಪ್ರಶ್ನೆ ಕೇಳಿದರು. ಎಲ್ಲಕ್ಕೂ ಉತ್ತರ ಹೇಳಿ, "ಪೆಟ್ಟಿಗ್ಯಾಗ ಇಟ್ರ ಅವಕ್ಕ ಸಿಟ್ಟು ಬರಲ್ಲೇನ್ರಿ?" ಎಂದು ತಾನೇ ಒಂದು ಕೇಳಿದಳು. ಅವರಿಗೆ ಗೊತ್ತಿರಲಿಲ್ಲ. ಪತ್ರಿಕೆಯನ್ನು ಚೀಲಕ್ಕೆ ಸೇರಿಸುತ್ತ, "ಮೇಷ್ಟ್ರೇ, ನಿಮ್ಮಿಬ್ಬರಲ್ಲಿ ಓದೋಕೆ ಬರದೇ ಇರೋದು ಯಾರಿಗೆ?" ಅಂದರು.

"ಇಬ್ಬರಿಗೂರಿ" ಅಂದೆ. ಒಂದು ವರ್ಷದ ಹಿಂದೆ ವರಾಂಡದಲ್ಲಿ ಹೇಳಬೇಕಾಗಿದ್ದ ಮಾತು.

ಅವರು ನಗಲಿಲ್ಲ. ಅವಳನ್ನು ಏಳನೆಯ ತರಗತಿಗೆ ಹಾಕಿದರು. ಅವಳ ಉತ್ತರವನ್ನು ಬಾಯಿಯಿಂದ ಕೇಳತಕ್ಕದ್ದು ಎಂದು ಕೆಳಗೆ ಬರೆದು ಸಹಿ ಮಾಡಿದರು. ನನ್ನ ಹೆಸರಿನ ಮುಂದೆ, ರಜೆಯಲ್ಲಿ ಬೀದರಿಗೆ ಹೋಗಿ ಕನ್ನಡ ಓದು ಕಲಿತು ಬರತಕ್ಕದ್ದು ಎಂದು ಬರೆದರು. "ನೀವಿಬ್ಬರೂ ಮುಂದಿನ ಕ್ಲಾಸಿಗಿ ಹ್ವಾದ್ರಿ. ನಾ ಒಬ್ಬನೇ ಇಲ್ಲಿ ಉಳಿದೆ" ಎಂದು ಹೆಡ್‌ಮಾಸ್ತರ್ ಸಾಹೇಬರು ಹಾಜರಿ ಪುಸ್ತಕದಲ್ಲಿ ಉರ್ದು ಸಹಿ ಎಳೆದರು.

ಸಂಜೆ ಎಲ್ಲರೂ ಹೋದ ಮೇಲೆ ಅವಳು ಬೇವಿನ ಕಟ್ಟೆಯ ಮೇಲೆ ಕೂತಿದ್ದಳು. ಹೋಗಿ ಕೇಳಿದೆ, "ನನ್ನ ತಪ್ಪೆಲ್ಲ ಯಾಕ ಬಿಟ್ಟಿ? ಕುಂಬಾರನ ಕಥಿಯಾಗ ಕೆಮ್ಮೂ ಬಿಟ್ಟಿದ್ದಿಲ್ಲ."

"ಆವತ್ತ ಅದು ತಪ್ಪು ಅಂತ ನನಗ ಗೊತ್ತಿದ್ದಿಲ್ರಿ. ಪುಸ್ತಕದಾಗೇ ಕೆಮ್ಮು ಅದ ಅಂದ್ಕೊಂಡಿದ್ದೆ."

"ನನಗ ಓದು ಬರಲ್ಲ ಅಂತ ಎಂದ ಗೊತ್ತಾತು ನಿನಗ?"

"ಮೊದಲಿಂದ ಗೊತ್ತದರಿ. ದಿನಾ ಮುಂಜಾನಿ ಇಲ್ಲೇ ಕುಂತು ಕೇಳ್ತಿದ್ದೆನ್ರಿ. ನೀವು ಮೂರು ಸಲ ಓದೂದು. ಅದನ್ನ ಕೇಳೇ ಪಾಠ ಬಾಯಿಗಿ ಬರ್ತಿತ್ರಿ." ರೊಟ್ಟಿ ತಿನ್ನದೆ ಓಡಿ ಬರುತ್ತಿದ್ದದ್ದು ಇಲ್ಲಿಗೆ.

"ಯಾರಿಗರ ಹೇಳಿದ್ದೇನು?"

ಅವಳಿಗೆ ಆಶ್ಚರ್ಯವಾಯಿತು. "ಯಾಕ ಹೇಳ್ಲಿರಿ? ಎಲ್ಲಾರೂ ನಗ್ತಾರಲ್ರಿ" ಅಂದಳು.

ಇಡೀ ವರ್ಷ ನನ್ನ ಗುಟ್ಟು ಈ ಮಗುವಿನ ಹತ್ತಿರ ಇತ್ತು. ಅವಳ ಹೊಟ್ಟೆನೋವು ನನ್ನ ಹತ್ತಿರ ಇತ್ತು, ನಾನು ಅದನ್ನು ಮೂವತ್ತು ಜನಕ್ಕೆ ಹಂಚಿ ನಗಿಸಿದ್ದೆ.

ಮುಂದಿನ ಶನಿವಾರ ತರಗತಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಮುಂಜಾನೆಯ ಮೂರು ಸಲ, ಅಂಟಿದ ಹಾಳೆ, ಅವ್ವನ ಪರಾತ. ಅವಳ ಹೊಟ್ಟೆನೋವಿಗೆ ನಕ್ಕದ್ದು ನನ್ನ ತಪ್ಪು ಎಂದೂ ಹೇಳಿದೆ. ಆಮೇಲೆ ಒಂದು ಪಾಟಿ ತಗೊಂಡು ಮೂರನೆಯ ಸಾಲಿನಲ್ಲಿ ಹುಡುಗರ ನಡುವೆ ನೆಲದ ಮೇಲೆ ಕೂತೆ. ಅವಳು ನನ್ನ ಜಾಗದಲ್ಲಿ ನಿಂತು ಉಕ್ತಲೇಖನ ಹೇಳಿದಳು, ನಾವು ಬರೆದೆವು. ಪಕ್ಕದ ಹುಡುಗ ನನ್ನ ಪಾಟಿ ತಿದ್ದಿ, "ಹನ್ನೊಂದು ತಪ್ಪರಿ ಮಾಸ್ತರದು!" ಎಂದು ಕೂಗಿದ. ಅಲ್ಲೊಬ್ಬ ಇಲ್ಲೊಬ್ಬ ಕಿಸಕ್ಕನೆ ನಗತೊಡಗಿದರು.

ಅವಳು ಮೇಜನ್ನು ತಟ್ಟಿದಳು. "ಯಾರೂ ನಗಬ್ಯಾಡ್ರಿ. ಮಾಸ್ತರರ ಹೊಟ್ಟಿ ನೋಯ್ತದ" ಅಂದಳು.